ಕೂಮ್ ಮಾಡಿದ ರಿಪೇರಿ

2019ರ ಮಾರ್ಚ್ 9, ಶನಿವಾರ, ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷ. ಝ್ರೆನ್ಯಾನಿನ್ ಪಟ್ಟಣದ ಮನೆಯೊಂದರಲ್ಲಿ ಗ್ವೊಜ್ದೆನ್ ಸ್ಕ್ರೂಡ್ರೈವರ್ ಹಿಡಿದು ದೆಸಾಂಕಾಳ ಕಂಪ್ಯೂಟರಿನ ಮುಂದೆ ಮಂಡಿಯೂರಿದ್ದ. ಪರದೆಯ ಮೇಲೆ ಒಂದೇ ಸಾಲು: ಬೂಟ್ ಮಾಡಲು ಏನೂ ಸಿಗುತ್ತಿಲ್ಲ.

ಅದನ್ನು ಆ ಸ್ಥಿತಿಗೆ ತಂದವನೂ ಅವನೇ. ಹಿಂದಿನ ಭಾನುವಾರ, ಯಾರೂ ಕೇಳದಿದ್ದರೂ, ಡಿಸ್ಕನ್ನು ಎರಡು ಭಾಗ ಮಾಡಲು ಕುಳಿತಿದ್ದ. ಮೊದಲು ಪ್ರತಿ ತೆಗೆದಿಡುತ್ತೇನೆ ಎಂದ ದೆಸಾಂಕಾಳಿಗೆ, "ನನ್ನ ಮೇಲೆ ನಂಬಿಕೆ ಇಲ್ವಾ?" ಎಂದಿದ್ದ. ಅವನು ಕೂಮ್: ಅವಳ ಮದುವೆಗೆ ಸಾಕ್ಷಿ ನಿಂತವನು, ಮಗಳ ದೀಕ್ಷಾಸ್ನಾನದಲ್ಲಿ ಕೂಸನ್ನು ಎತ್ತಿ ಹಿಡಿದವನು. ಕೂಮ್‌ಗೆ ಬೇಡ ಎನ್ನುವವರು ಆ ಊರಿನಲ್ಲಿಲ್ಲ. ಐದೇ ನಿಮಿಷದಲ್ಲಿ ಸುತ್ತಲಿನ ಬಾವಿಗಳ ಹದಿನಾಲ್ಕು ವರ್ಷಗಳ ಅಳತೆ, ಅವಳ ಇಡೀ ಸಂಶೋಧನೆ, ಕಣ್ಮರೆಯಾಗಿತ್ತು.

ಅಳಿಸಿದ್ದು ವಿಭಾಗಗಳ ಪಟ್ಟಿ ಮಾತ್ರ. ಡಿಸ್ಕಿನ ಮೇಲೆ ಹೊಸದೇನನ್ನೂ ಬರೆಯದಿದ್ದರೆ ಅಳತೆಗಳು ಉಳಿಯುತ್ತವೆ ಎಂದು ಅವಳು ಹೇಳಿದಾಗ ಅವನು ನಕ್ಕಿದ್ದ. "ಬಾವಿ ಅಳೆಯೋಳು ನಂಗೆ ಪಾಠ ಹೇಳ್ತಾಳೆ!"

ಈಗ ಪೆಟ್ಟಿಗೆಯ ಬದಿ ಬಿಚ್ಚಿ ಊದಿದ. "ಥೂ, ಎಷ್ಟು ಧೂಳು! ಡಿಸ್ಕ್ ಮಾತ್ರ ಫಳಫಳ ಅಂತಿದೆ. ಹೋದ ವಾರ ನಾನೇ ಒರೆಸಿದ್ದೆ ನೋಡು."

ತಾನು ಮಾಡದ ಕೆಲಸದ ಕೀರ್ತಿಯನ್ನೂ ಅವನು ಬಿಟ್ಟವನಲ್ಲ.

"ಕಾಫಿ ಎಲ್ಲಮ್ಮಾ?"

"ಕಾಫಿ ಇಲ್ಲ ಕೂಮ್. ಪ್ಲಮ್ ಹಣ್ಣಿನ ಸಾರಾಯಿ ಇದೆ, ರಾಕಿಯಾ ಕೊಡ್ತೀನಿ."

"ಕಾಫಿ ಇಲ್ಲದ ಮನೆ! ಲ್ಯುಬಿಶಾ, ನಿನ್ನ ಹೆಂಡ್ತಿಗೆ ಬಾವಿ ಬಿಟ್ಟು ಬೇರೇನಾದ್ರೂ ಕಾಣುತ್ತೇನೋ?"

ಪೆನ್‌ಡ್ರೈವ್ ಚುಚ್ಚಿ ಕಂಪ್ಯೂಟರನ್ನು ಎಬ್ಬಿಸಿದ. ಎಚ್ಚರಿಕೆಯೊಂದು ಮೂಡಿತು. ಓದದೆ ಒಪ್ಪಿಗೆ ಒತ್ತಿದ. ಇನ್ನೊಂದು ಮೂಡಿತು. ಅದಕ್ಕೂ ಒತ್ತಿದ.

ಲ್ಯುಬಿಶಾ ಹೆಂಡತಿಯನ್ನು ಅಡುಗೆಮನೆಗೆ ಎಳೆದ. "ಅದರ ಮೇಲೇ ಬರೀತಿದ್ದಾನೆ! ಹೋಗಿ ತಡಿಯೇ."

"ಕೂಮ್‌ಗೆ ಬೇಡ ಅನ್ನೋಕಾಗುತ್ತಾ?"

"ಹದಿನಾಲ್ಕು ವರ್ಷ ಕಣೇ!"

"ಅವರ ಗ್ಲಾಸ್ ಖಾಲಿಯಾಗಿದೆ. ತುಂಬಿಸು ಹೋಗು."

ಒಳಗಿನಿಂದ ಗ್ವೊಜ್ದೆನ್ ಕೂಗಿದ. "ಇದನ್ನೂ ಒತ್ತಿಬಿಡ್ಲಾ?"

"ಒತ್ತಿ ಕೂಮ್. ಆ ಡಿಸ್ಕಿಗೆ ನಿಮ್ಮಿಂದ ಆಗೋ ನಷ್ಟ ಏನೂ ಇಲ್ಲ."

ಮೂರನೆಯ ಗ್ಲಾಸ್ ಮುಗಿಯುವಾಗ ಅವನು ವೈದ್ಯನಂತೆ ನಿಟ್ಟುಸಿರು ಬಿಟ್ಟ.

"ನಿನ್ನ ಬಾವಿ ಫೈಲ್‌ಗಳನ್ನ ಕಣ್ಣಾರೆ ನೋಡಿದೆ. ಸಾಲಾಗಿ ಇದ್ವು. ಕೈಗೆ ಸಿಗೋಷ್ಟರಲ್ಲಿ ಒಡೆದುಹೋದ್ವು. ಹೋದ ವಾರ ನೀನು ಮಧ್ಯದಲ್ಲಿ ಸ್ವಿಚ್ ಆರಿಸಿದ್ದಕ್ಕೇ ಹೀಗಾಗಿದ್ದು."

ಅವಳು ಸ್ವಿಚ್ ಮುಟ್ಟಿರಲಿಲ್ಲ. "ಕಣ್ಣಾರೆ ನೋಡಿದ್ರಾ?"

"ದೇವರಾಣೆ!"

ಅವಳು ಅವನ ಕೆನ್ನೆಗೆ ಮೂರು ಮುತ್ತಿಟ್ಟು, ಉಳಿದ ರಾಕಿಯಾ ಬಾಟಲಿಯನ್ನೂ ಕೊಟ್ಟು ಕಳಿಸಿದಳು.

ಗೇಟು ಮುಚ್ಚಿದ ಸದ್ದಾಯಿತು. ಲ್ಯುಬಿಶಾ ತಲೆಯ ಮೇಲೆ ಕೈಹೊತ್ತು ಕುಳಿತಿದ್ದ. ದೆಸಾಂಕಾ ಕಪಾಟಿನಿಂದ ಕಾಫಿ ಡಬ್ಬ ತಂದು ಮುಚ್ಚಳ ತೆಗೆದಳು. ಒಳಗೆ, ಬಟ್ಟೆಯಲ್ಲಿ ಸುತ್ತಿದ, ಧೂಳು ಹಿಡಿದ ಒಂದು ಹಳೆಯ ಡಿಸ್ಕ್.

"ನಿನ್ನೆ ನಮ್ಮ ಸಂಸ್ಥೆಯಲ್ಲಿ ಸರಿಮಾಡಿಸಿದೆ," ಎನ್ನುತ್ತ ಅದನ್ನು ಪೆಟ್ಟಿಗೆಯೊಳಗೆ ಕೂರಿಸಿದಳು.

"ಹಾಗಾದ್ರೆ ಅವನು ಕಣ್ಣಾರೆ ನೋಡಿದ್ದು?"

"ಗುರುವಾರ ಅಂಗಡಿಯಿಂದ ತಂದ ಹೊಸ ಡಿಸ್ಕ್. ಅದರಲ್ಲಿ ಒಂದಕ್ಷರವೂ ಇರ್ಲಿಲ್ಲ."

ಪರದೆ ಬೆಳಗಿತು. ಬಾವಿ ಒಂದು, ನೀರಿನ ಆಳ: 6.42 ಮೀಟರ್.