ಇಂದ್ರವ್ವನನ್ನು ಎಬ್ಬಿಸಿದ ಸೀಳು ರೊಟ್ಟಿ

ಗದಗಿನ ಒಂದು ಓಣಿ. ಅಲ್ಲಿ ಇಂದ್ರವ್ವ ಬಡಿದ ಜೋಳದ ರೊಟ್ಟಿಯನ್ನು ಖಾನಾವಳಿಗೆ ಬರುವವರು ಹೆಸರು ಹಿಡಿದು ಕೇಳುತ್ತಿದ್ದರು.

ಜೊತೆಗಿದ್ದ ಅಕ್ಕ ತೀರಿಕೊಂಡಳು... ಇಂದ್ರವ್ವ ಹಾಸಿಗೆ ಹಿಡಿದಳು. ಕೈಗೆ ಮೊಬೈಲ್ ಬಂತು.

"ದುಃಖದಿಂದ ಹೊರಬರುವುದು ಹೇಗೆ?" ಒಂದು ವಿಡಿಯೋ ಮುಗಿದರೆ ಇನ್ನೊಂದು... ಎದ್ದೇಳಿ, ಎದ್ದೇಳಿ ಎಂದು ವಿಡಿಯೋದವರು ಕೂಗುವರು. ಇವಳು ಮಗ್ಗುಲು ಬದಲಿಸಿ ಕೇಳುವಳು!

ಅಷ್ಟರಲ್ಲಿ ಗೋಡೆಯಾಚೆ ಪಟಪಟ ಸದ್ದು. ಪಕ್ಕದ ಮನೆಯ ಕಸ್ತೂರಿ ಅದೇ ಖಾನಾವಳಿಗೆ ರೊಟ್ಟಿ ಬಡಿಯುತ್ತಿದ್ದಳು.

ಇಂದ್ರವ್ವನ ಹೊಟ್ಟೆಗೆ ಬೆಂಕಿ ಬಿತ್ತು. ತಾನೇ ಕಲಿಸಿದವಳು... ತನ್ನ ಬಾಯಿಗೇ ಮಣ್ಣು ಹಾಕಿದಳಲ್ಲ!

ಆ ಸದ್ದು ಕೇಳಬಾರದೆಂದು ವಿಡಿಯೋದ ಸೌಂಡ್ ಜಾಸ್ತಿ ಮಾಡುತ್ತಿದ್ದಳು. ಯಾರಾದರೂ ಕಸ್ತೂರಿಯನ್ನು ಹೊಗಳಿದರೆ ಅವತ್ತು ಅನ್ನ ಸೇರುತ್ತಿರಲಿಲ್ಲ.

ಒಂದು ಬೆಳಗ್ಗೆ ಕಸ್ತೂರಿಯೇ ರೊಟ್ಟಿ ತಂದಿಟ್ಟಳು.

"ಇಂದ್ರಕ್ಕಾ, ತಿಂದ ನೋಡ. ನಿನ್ನ ಕೈಗುಣ ಈಗ ನನಗ ಬಂದೈತಿ ಅಂತಾರ ಎಲ್ಲಾರೂ!"

ಅವಳು ಹೋದಮೇಲೆ ಇಂದ್ರವ್ವ ರೊಟ್ಟಿ ಎತ್ತಿದಳು. ಅಂಚೆಲ್ಲ ಸೀಳು... ಮುರಿದರೆ ಪುಡಿ ಪುಡಿ.

ಜೋಳದ ಹಿಟ್ಟಿಗೆ ಕುದಿಯುವ ಎಸರು ಹಾಕಿದರೇನೇ ಜಿಗಿ ಬರುವುದು. ಇವಳು ತಣ್ಣೀರಿನಲ್ಲಿ ಕಲಸಿದ್ದಾಳೆ! ಇಂಥ ರೊಟ್ಟಿಗೆ ತನ್ನ ಕೈಗುಣದ ಹೆಸರೇ?

ಫೋನ್ ಎಲ್ಲಿ ಬಿತ್ತೋ... ಸೆರಗು ಸಿಕ್ಕಿಸಿಕೊಂಡು ಕಸ್ತೂರಿಯ ಮನೆಗೆ ಹೊರಟೇಬಿಟ್ಟಳು. ಹೊಟ್ಟೆಕಿಚ್ಚಿಗೆ ಮದ್ದಿಲ್ಲ ಅನ್ನುತ್ತಾರೆ, ಇಲ್ಲಿ ಅದೇ ಮದ್ದಾಯಿತು ನೋಡಿ.

"ಏಳ ಮ್ಯಾಲೆ! ಇದಕ್ಕ ರೊಟ್ಟಿ ಅಂತಾರೇನ? ನನ್ನ ಹೆಸರ ಕೆಡಸಾಕ ಕುಂತೀಯೇನ?"

ಕಸ್ತೂರಿಯನ್ನು ಸರಿಸಿ ಒಲೆ ಮುಂದೆ ಕೂತಳು. ಎಸರಿಟ್ಟಳು, ಕಲಸಿದಳು, ಬೈಯುತ್ತಲೇ ಬಡಿದಳು... ಬುಟ್ಟಿ ತುಂಬಿತು.

ಬೆವರು ಒರೆಸಿಕೊಂಡು ನೋಡಿದರೆ ಕಸ್ತೂರಿ ಅಳುತ್ತಿದ್ದಾಳೆ.

"ಇಷ್ಟ ಬೈದದ್ದಕ್ಕ ಅಳ್ತೀಯೇನ?"

"ಬೈದದ್ದಕ್ಕಲ್ಲ ಇಂದ್ರಕ್ಕಾ... ನೀ ಎದ್ದ ಬಂದ್ಯಲ್ಲ, ಅದಕ್ಕ. ಎಷ್ಟ ಕರದರೂ ಏಳಲಿಲ್ಲ ನೀ. ಖಾನಾವಳಿಯವರು ರೊಟ್ಟಿ ಕೆಲಸ ಬ್ಯಾರೆಯವರಿಗೆ ಕೊಡ್ತೀವಿ ಅಂದ್ರು. ನೀ ಏಳೂತನಕ ಇರಲಿ ಅಂತ ನಾ ಹಿಡಕೊಂಡೆ."

"ಮತ್ತ ಈ ರೊಟ್ಟಿ?"

"ನಿನಗ ಕೊಟ್ಟದ್ದನ್ನಷ್ಟ ಬೇಕಂತನ ತಣ್ಣೀರಾಗ ಕಲಸಿದೆ, ಸಿಟ್ಟಿಗಾದ್ರೂ ಏಳ್ತೀ ಅಂತ. ನೀ ಕಲಿಸಿದ್ದ ನಾ ಮರೀತೀನೇನ?"

ಇಂದ್ರವ್ವ ಕಸ್ತೂರಿಯ ಕೈ ಹಿಡಿದುಕೊಂಡಳು. ಅಕ್ಕ ಹೋದಾಗಿನಿಂದ ತಡೆದಿಟ್ಟಿದ್ದ ಅಳು ಆ ಒಲೆಯ ಮುಂದೆ ಒಡೆದು ಬಂತು. ಇಬ್ಬರೂ ಅತ್ತರು.

ಆಮೇಲೆ ಮೂಗು ಒರೆಸಿಕೊಂಡು ಇಂದ್ರವ್ವ ಅಂದಳು:

"ನಾಳಿಂದ ಕೂಡೇ ಬಡಿಯೂಣು. ಆದ್ರ ನೋಡ... ನನ್ನಕಿಂತ ತೆಳ್ಳಗ ಬಡದೀ ಅಂದ್ರ ಸುಮ್ಮನಿರೂದಿಲ್ಲ!"

*

ಸಾವಿರ ವಿಡಿಯೋ ನೋಡಿದರೂ ಏಳದ ಮನಸ್ಸು, ಕೈಗೆ ಕೆಲಸ ಹತ್ತಿದರೆ ತಾನಾಗಿ ಏಳುತ್ತದೆ.

ಇದನ್ನು ಓದಿದ ಮೇಲೆ ನೀವು ಇನ್ನೊಂದು ವಿಡಿಯೋ ಒತ್ತುತ್ತೀರೋ... ಬಿಟ್ಟ ಕೆಲಸಕ್ಕೆ ಕೈ ಹಾಕುತ್ತೀರೋ?