ಯಾರಿಗೂ ಪ್ರವೇಶವಿಲ್ಲ

ಇಂಥ ಸಂಗತಿ ಹೇಳುವಷ್ಟು ತಿಳಿವಳಿಕೆ ನಮಗಿಲ್ಲ. ತಪ್ಪಿದ್ದರೆ ಬಲ್ಲವರು ಮನ್ನಿಸಬೇಕು.

ಹತ್ತು ಆಸ್ಪತ್ರೆಗಳ ರೋಗಿಗಳಿಗೆ ಯಾವ ಔಷಧಿ ಎಷ್ಟು ಕೊಡಬೇಕೆಂಬ ಲೆಕ್ಕವೆಲ್ಲ ದೂರದ ಕ್ಲೌಡ್ ಕಂಪ್ಯೂಟರುಗಳಲ್ಲಿತ್ತು. ಅಂದು ಬೆಳಿಗ್ಗೆ ಯಾರೋ ಒಳಹೊಕ್ಕು ಆ ಅಳತೆಗಳನ್ನು ಒಂದೊಂದಾಗಿ ಬದಲಿಸತೊಡಗಿದ್ದರು. ಅವುಗಳ ಕಾವಲಿನ ಹೊಣೆ ಹೊತ್ತಿದ್ದ ಶಾಲ್ಮಲಾ ಹೊಸ ನಿಯಮ ಬರೆದಳು: ಯಾವ ಕಂಪ್ಯೂಟರಿನ ವಿಳಾಸದಿಂದಲೂ ಪ್ರವೇಶವಿಲ್ಲ. ಗಟ್ಟಿಯಾಗಿ ಕೂತಿತೇ ಎಂದು ನೋಡಲು ತಾನೇ ಹೊರಬಂದು ಮತ್ತೆ ಒಳಹೋಗಲು ಯತ್ನಿಸಿದಳು. ಆಗಲಿಲ್ಲ. ಹೋದ ಜೀವ ಬಂದಂತಾಯಿತು.

"ಬಾಗ್ಲಾ ಹಾಕೇನ್ರೀ ಸರ್. ಇನ್ನ ನೊಣಾನೂ ಒಳಗ ಹೋಗೂದಿಲ್ಲ."

"ಶಾಣ್ಯಾಕಿ ಇದ್ದೀ ಬಿಡವಾ!" ಎಂದರು ಮೇಲಧಿಕಾರಿ ಕುಬೇರಪ್ಪ. "ಆದ್ರ ಬಾಗ್ಲಾ ಹಾಕಿದ್ರ ಹೊಸಬ್ರು ಹೊರಗ ನಿಲ್ತಾರ, ಮೊದ್ಲ ಹೊಕ್ಕಾಂವ ಹೊರಗ ಬೀಳೂದಿಲ್ಲ. ಲಗೂನ ಹೋಗಿ ಅವನ್ನ ಎಳದು ಹಾಕು."

ಶಾಲ್ಮಲಾ ಕೀಲಿಮಣೆಯಿಂದ ಕೈ ತೆಗೆದಳು.

"ಹೆಂಗ ಹೋಗ್ಲಿ ಸರ್? ನಮ್ಮ ಆಫೀಸಿನ ವಿಳಾಸಾನೂ ಬಿಟ್ಟಿಲ್ಲ."

ಗೋಡೆಯ ಪರದೆಯಲ್ಲಿ ‘ಈಗ ಒಳಗಿರುವವರು: ಒಬ್ಬರು’ ಎಂದಿತ್ತು, ಆ ಒಬ್ಬರು ಯಾರೆಂಬುದು ಇಂದಿಗೂ ತಿಳಿದಿಲ್ಲ.