ಯಾವ ಮಂಜು?

“ಇದೂ ಮಂಜಾಗ್ತಿದೆ,” ಎಂದು ಮಾವ ಸ್ಕೀ ಗಾಗಲ್ಸನ್ನು ಅಳಿಯನ ಕೌಂಟರಿನ ಮೇಲಿಟ್ಟರು. ಆ ವಾರ ಅವರು ಲೆನ್ಸ್ ಬದಲಿಸಲು ಅಂಗಡಿಗೆ ಬಂದದ್ದು ಅದು ಮೂರನೇ ಸಲ. ಬೆನ್ನ ಮೇಲೆ ‘ಹಿರಿಯ ತರಬೇತುದಾರ’ ಎಂದು ಬರೆದಿದ್ದ ಕೆಂಪು ಜಾಕೆಟ್ ತೊಟ್ಟೇ ಬಂದಿದ್ದರು. ಇನ್ನು ಸ್ವಲ್ಪ ಹೊತ್ತಿಗೆ ಮಕ್ಕಳ ತಂಡವೊಂದನ್ನು ಮೇಲಿನ ಇಳಿಜಾರಿಗೆ ಕರೆದೊಯ್ಯಬೇಕಿತ್ತು.

ಅಳಿಯ ಗಾಗಲ್ಸನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. ಗೀರಿಲ್ಲ. ಒಳಮೈಯ ಲೇಪ ಎಲ್ಲೂ ಎದ್ದಿಲ್ಲ. ಲೆನ್ಸಿನ ಎರಡು ಪದರಗಳ ನಡುವೆ ತೇವದ ಸುಳಿವಿಲ್ಲ. ಕೊಟ್ಟಾಗ ಹೇಗಿತ್ತೋ ಹಾಗೇ ಇತ್ತು.

“ಯಾವ ಮಂಜು ಮಾವ? ಲೆನ್ಸಿನ ಒಳಗೆ ಕೂರುತ್ತಲ್ಲ, ಆ ಮಂಜಾ? ಬೆಟ್ಟದಿಂದ ಇಳಿಯುತ್ತಲ್ಲ, ಆ ಮಂಜಾ?”

“ಮಂಜಲ್ಲೂ ಜಾತಿ ಮಾಡ್ತೀರಲ್ಲ ಅಳಿಯಂದ್ರೆ. ಕಾಣಿಸಲಿಲ್ಲ ಅಂದ್ರೆ ಮಂಜು, ಅಷ್ಟೇ.”

ಕಣ್ಣಿಗೇ ಕವಿಯುವ ಮೂರನೆಯದೊಂದು ಮಂಜಿದೆ ಎಂಬ ಮಾತು ಅಳಿಯನ ನಾಲಿಗೆಯ ತುದಿಗೆ ಬಂತು. ಆದರೆ ಹೆಣ್ಣು ಕೊಟ್ಟ ಮಾವನಿಗೆ ನಿಮ್ಮ ಕಣ್ಣು ಸರಿಯಿಲ್ಲ ಎನ್ನುವುದು ಹೇಗೆ? ನಿಮ್ಮನ್ನು ನೋಡಿ ಒಪ್ಪಿದ್ದೂ ಇದೇ ಕಣ್ಣಲ್ಲಿ ಎಂದುಬಿಟ್ಟರೆ? ಅವನು ಆ ಮಾತನ್ನು ನುಂಗಿಕೊಂಡು ಬೇರೆಯದನ್ನು ಕೇಳಿದ.

“ಒಳಗಡೆ ಏನಾದ್ರೂ ಒರೆಸಿದ್ರಾ?”

“ಒರೆಸಬೇಡಿ, ಲೇಪ ಹೋಗುತ್ತೆ ಅಂದ್ರಿ. ಒರೆಸಲಿಲ್ಲ. ಬಟ್ಟೆ ತಗೊಂಡು ಮೆತ್ತಗೆ ಒತ್ತಿದೆ. ಹೀಟರ್ ಮುಂದೆ ಒಣಗಿಸಬೇಡಿ ಅಂದ್ರಿ. ಗಾಳಿಗೆ ಇಟ್ಟೆ. ಆಮೇಲೆ ಮೆತ್ತನೆ ಚೀಲದಲ್ಲಿ ಮಲಗಿಸಿದೆ. ನಿಮ್ಮತ್ತೆ ಕೇಳ್ತಾಳೆ, ನನ್ನ ಯಾವತ್ತಾದ್ರೂ ಇಷ್ಟು ಚೆನ್ನಾಗಿ ನೋಡ್ಕೊಂಡಿದ್ದೀರಾ ಅಂತ.”

“ಬಿಸಿಲಿಗೆ ಅಂತ ಕಪ್ಪು ಕೊಟ್ಟೆ, ಮೋಡಕ್ಕೆ ಗುಲಾಬಿ ಕೊಟ್ಟೆ. ಇನ್ನು ಉಳಿದಿರೋದು ಹಳದಿ ಒಂದೇ, ಮಾವ.”

“ಹಳದೀನೇ ಹಾಕಿ. ಗುಂಡಿ ಯಾವುದು, ದಿಬ್ಬ ಯಾವುದು ಅಂತ ತಿಳಿದ್ರೆ ಸಾಕು. ನಿನ್ನೆ ಒಬ್ಬ ಹುಡುಗನಿಗೆ ‘ಮೊಣಕಾಲು ಬಗ್ಸು, ಬಗ್ಸು’ ಅಂತ ಗಂಟಲು ಹರ್ಕೊಂಡೆ. ಹತ್ತಿರ ಹೋಗಿ ನೋಡಿದ್ರೆ ಅದು ಗುರುತಿನ ಕಂಬ.”

ಮಾವ ನಕ್ಕರು. ಅಳಿಯನಿಗೆ ನಗು ಬರಲಿಲ್ಲ. ಮೇಲಿನ ಇಳಿಜಾರಿನ ಒಂದು ಬದಿಯಲ್ಲಿ ಆಳವಾದ ಕಮರಿಯಿತ್ತು. ಮಕ್ಕಳು ಇವರ ಬೆನ್ನನ್ನೇ ನೋಡಿಕೊಂಡು ಸಾಲಾಗಿ ಇಳಿಯುತ್ತಾರೆ. ಇವತ್ತು ಹೇಳಿಯೇಬಿಡಬೇಕು ಎಂದುಕೊಂಡ. ಗುಲಾಬಿ ಲೆನ್ಸನ್ನು ಚೌಕಟ್ಟಿನಿಂದ ಬಿಡಿಸಿಟ್ಟು, ಹಳದಿಯದಕ್ಕಾಗಿ ಹಿಂದಿನ ಕಪಾಟಿನತ್ತ ತಿರುಗಿದ. ಹುಡುಕುತ್ತಲೇ, ಎಲ್ಲಿಂದ ಶುರುಮಾಡುವುದೆಂದು ಮನಸ್ಸಿನಲ್ಲಿ ಎರಡು ಮೂರು ಬಗೆಯಲ್ಲಿ ಹೇಳಿಕೊಂಡ.

ಲೆನ್ಸ್ ಹಿಡಿದು ಇತ್ತ ತಿರುಗಿದಾಗ ಮಾವ ಆಗಲೇ ಖಾಲಿ ಚೌಕಟ್ಟನ್ನು ಮುಖಕ್ಕೆ ಏರಿಸಿಕೊಂಡು ಕಿಟಕಿಯಾಚೆ ನೋಡುತ್ತಿದ್ದರು.

“ಹ್ಞಾಂ. ಹಗುರವಾಗಿದೆ,” ಎಂದರು. “ಬಣ್ಣಾನೂ ಪರವಾಗಿಲ್ಲ, ಹಳದಿ ಅಂತ ಗೊತ್ತೇ ಆಗಲ್ಲ. ಆದ್ರೆ ಮಂಜು ಮಾತ್ರ ಹಾಗೇ ಇದೆ ನೋಡಿ. ಈ ಕಂಪನೀದೂ ಅದೇ ಹಣೆಬರಹ.”

ಅಳಿಯ ತನ್ನ ಕೈಯಲ್ಲಿದ್ದ ಹಳದಿ ಲೆನ್ಸನ್ನು ನೋಡಿದ. ಅಷ್ಟರಲ್ಲಿ ಮಾವ ಕೌಂಟರಿನ ಮೇಲಿದ್ದ ಮೆತ್ತನೆಯ ಬಟ್ಟೆಯನ್ನು ಬೆರಳಿಗೆ ಸುತ್ತಿಕೊಂಡು, ಅಳಿಯ ಹೇಳಿಕೊಟ್ಟಿದ್ದಂತೆಯೇ, ಒರೆಸದೆ ಒತ್ತಲು ಹೋದರು. ಬೆರಳು ಲೆನ್ಸ್ ಇರಬೇಕಾದ ಜಾಗವನ್ನು ದಾಟಿ ನೇರವಾಗಿ ಕಣ್ಣಿಗೆ ಹೊಕ್ಕಿತು.

ಮಾವ ನೀರು ಸುರಿಯುವ ಕಣ್ಣನ್ನು ಮುಚ್ಚಿಕೊಂಡೇ ಇನ್ನೊಂದು ಕಡೆಯಿಂದ ಬೆರಳು ತೂರಿಸಿದರು. ಅದು ಹುಬ್ಬಿಗೆ ತಾಗಿತು. ಆಮೇಲೆ ಕೌಂಟರಿನ ಮೇಲೆ ಬಾಗಿ ಅಳಿಯನ ಕೈಯ ಹತ್ತಿರಕ್ಕೆ ಮುಖ ತಂದರು.

“ಏನದು?”

“ಲೆನ್ಸ್, ಮಾವ.”

“ಹ್ಞೂಂ.”

ಬಾಗಿಲು ತಳ್ಳಿಕೊಂಡು ಮಾವನ ಮಗಳು ಒಳಗೆ ಬಂದಳು. ಅವಳೂ ತರಬೇತುದಾರಳೇ, ಆದರೆ ಅಪ್ಪ ಅವಳನ್ನು ಇಷ್ಟು ವರ್ಷವೂ ಕೆಳಗಿನ ಸಮತಟ್ಟಿನಲ್ಲೇ ಇಟ್ಟಿದ್ದರು.

“ಅಪ್ಪಾ, ಮಕ್ಕಳು ಕಾಯ್ತಿದ್ದಾರೆ.”

ಮಾವ ಚೌಕಟ್ಟನ್ನು ಕಳಚಿಟ್ಟರು. ಕೆಂಪು ಜಾಕೆಟ್ಟಿನ ಜಿಪ್ಪನ್ನು ನಿಧಾನವಾಗಿ ಕೆಳಗೆಳೆದರು. “ಇವತ್ತಿಂದ ಮೇಲಿನ ತಂಡ ನೀನು ತಗೋ.”

“ಯಾಕಪ್ಪಾ? ಏನಾಯ್ತು?”

“ಏನಿಲ್ಲ. ನಿನ್ನ ಗಂಡ ಕೊಡೋ ಲೆನ್ಸು ಒಂದೂ ಸರಿಯಿಲ್ಲ.”

ಮಗಳು ಗಂಡನನ್ನು ಮೇಲಿಂದ ಕೆಳಗೆ ನೋಡಿದಳು. “ಅಂಗಡಿ ತುಂಬ ಇಟ್ಕೊಂಡು ನಮ್ಮಪ್ಪನಿಗೆ ನೆಟ್ಟಗೆ ಒಂದು ಕೊಡೋಕಾಗಲ್ವಾ ನಿಮಗೆ?”

“ತಪ್ಪಾಯ್ತು,” ಎಂದ ಅಳಿಯ. ಮದುವೆಯಾದಾಗಿನಿಂದ ಅವನು ಅಷ್ಟು ನೆಮ್ಮದಿಯಿಂದ ತಪ್ಪೊಪ್ಪಿಕೊಂಡಿರಲಿಲ್ಲ.

ಮಗಳ ಹೆಜ್ಜೆಯ ಸದ್ದು ದೂರವಾಗುವವರೆಗೆ ಮಾವ ಬಾಗಿಲ ಕಡೆಗೇ ಕಿವಿಗೊಟ್ಟಿದ್ದರು. ಆಮೇಲೆ ಕೆಮ್ಮಿ ಗಂಟಲು ಸರಿಮಾಡಿಕೊಂಡರು.

“ಇಲ್ಲಿ ಹತ್ತಿರದಲ್ಲಿ ಕಣ್ಣಿನ ಡಾಕ್ಟರು ಯಾರಾದ್ರೂ ಇದ್ದಾರಾ?”

“ಎದುರಿಗೇ ಇದ್ದಾರಲ್ಲ ಮಾವ. ಬಾಗಿಲ ಮೇಲೆ ಅಷ್ಟು ದೊಡ್ಡ ಕಣ್ಣಿನ ಚಿತ್ರ ಹಾಕಿದ್ದಾರೆ.”

ಮಾವ ಕಿಟಕಿಗೆ ಹಣೆಯಾನಿಸಿ ರಸ್ತೆಯಾಚೆಗೆ ಬಹಳ ಹೊತ್ತು ನೋಡಿದರು.

“ಅದು ಕಣ್ಣಾ?” ಎಂದರು. “ಮೊನ್ನೆ ಒಳಗೆ ಹೋಗಿ, ಮೀನು ತಾಜಾ ಇದೆಯಾ ಅಂತ ಕೇಳಿದೆ. ‘ಕೂತ್ಕೊಳ್ಳಿ, ನೀವು ಸರಿಯಾದ ಜಾಗಕ್ಕೇ ಬಂದಿದ್ದೀರಿ’ ಅಂದ್ರು.”